ಊರ ಕಲ್ಲಿನ ಬಗ್ಗೆ ಊರಲ್ಲೇ ಉಪನ್ಯಾಸ ಇಡ್ಬೇಕಾ? ಹೀಗ್ ಮಾಡಿ

ನಮ್ಮ ಇತಿಹಾಸ ಬಳಗದ ಮೊದಲನೇ ಉಪನ್ಯಾಸಕ್ಕೆ ಕರಪತ್ರದಲ್ಲಿ ಸಂಜೆ 5:30 ಅಂತ ಹಾಕ್ಸಿದ್ವಿ, ಮಾತಾಡೋಕೆ ಅಂತ ಎರಡು ಬಸ್ ಬದಲಾಯಿಸಿ ಬಂದಿದ್ದ ಮೇಷ್ಟ್ರ ಕೈಗೆ ಮೈಕ್ ಸಿಕ್ಕಿದ್ದು 7:10ಕ್ಕೆ. ಅಲ್ಲಿವರೆಗೂ ಏನ್ ನಡೀತು ಅಂದ್ರೆ ಪ್ರಾರ್ಥನೆ, ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಫ್ಯಾನ್ ಗಾಳಿಗೆ ಮೂರು ಸಲ ಆರಿದ ದೀಪ, ಉದ್ಘಾಟಕರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು, ಅಷ್ಟೂ ಜನಕ್ಕೆ ಶಾಲು ಹಾರ ಪೇಟ, ಒಬ್ಬೊಬ್ಬರೂ "ಸಮಯದ ಅಭಾವ, ಎರಡೇ ಮಾತು" ಅಂತ ಶುರು ಮಾಡಿ ಹದಿನೈದು ನಿಮಿಷ. ಮೇಷ್ಟ್ರು ಎದ್ದಾಗ ಎದುರಿಗಿದ್ದೋರು ಹದಿನಾಲ್ಕು ಜನ, ಅದ್ರಲ್ಲಿ ಇಬ್ಬರು ಚೇರು ವಾಪಸ್ ತಗೊಂಡು ಹೋಗೋಕೆ ಕಾಯ್ತಿದ್ದ ಶಾಮಿಯಾನದವರು. ಕೊನೇ ಬಸ್ಸು 7:30ಕ್ಕೆ ಅಂತ ಹಳ್ಳಿಯಿಂದ ಬಂದಿದ್ದೋರೆಲ್ಲ ಆಗ್ಲೇ ಎದ್ದು ಹೋಗಿದ್ರು.

ಆಮೇಲೆ ತಪ್ಪು ಮಾಡ್ತಾ ಮಾಡ್ತಾ ಒಂದು ದಾರಿ ಸಿಕ್ತು. ಊರಲ್ಲಿ ಇಂಥದ್ದೊಂದು ಶುರು ಮಾಡ್ಬೇಕು ಅಂತಿರೋರಿಗೆ ಬರೀತಿದ್ದೀನಿ. ರಿಜಿಸ್ಟ್ರೇಶನ್, ಲೆಟರ್‌ಹೆಡ್ಡು, ಅಧ್ಯಕ್ಷ ಕಾರ್ಯದರ್ಶಿ ಯಾರು ಅನ್ನೋ ಜಗಳ ಎಲ್ಲಾ ಆಮೇಲಿರ್ಲಿ, ನಾಲ್ಕು ಜನ ಮತ್ತೆ ಊರಲ್ಲಿರೋ ಒಂದು ಹಳೇ ಕೆತ್ತನೆ ಕಲ್ಲು ಇದ್ರೆ ಸಾಕು.

ಮೊದಲು ಬೇರೆಯವರ ಸಭೇಲಿ ಕೂತು ಬನ್ನಿ

ಬೆಂಗಳೂರಲ್ಲಿ ನೃಪತುಂಗ ರಸ್ತೇಲಿ ಮಿಥಿಕ್ ಸೊಸೈಟಿ ಇದೆ, 1909ರಲ್ಲಿ ಶುರುವಾಗಿದ್ದು, ಅಲ್ಲಿನ ಡೇಲಿ ಸ್ಮಾರಕ ಭವನದಲ್ಲಿ ಉಪನ್ಯಾಸ ನಡೀತಿರತ್ತೆ, ಯಾರ್ ಬೇಕಾದ್ರೂ ಹೋಗಿ ಕೂರಬಹುದು. ಧಾರವಾಡದ ಕಡೆಯವರಿಗೆ ಕರ್ನಾಟಕ ವಿದ್ಯಾವರ್ಧಕ ಸಂಘ, 1890ರದ್ದು, ಅಲ್ಲಿ ದತ್ತಿ ಉಪನ್ಯಾಸಗಳು ಇರ್ತಾವೆ. ಎರಡು ಮೂರಕ್ಕೆ ಹೋಗಿ ಹಿಂದಿನ ಸಾಲಲ್ಲಿ ಕೂತ್ಕೊಳಿ. ವೇದಿಕೆ ಕಡೆ ನೋಡ್ಬೇಡಿ, ಜನರ ಕಡೆ ನೋಡಿ, ಯಾವ್ ಮಾತಿಗೆ ಮೊಬೈಲ್ ತೆಗೀತಾರೆ, ಯಾವ್ ಸ್ಲೈಡ್ ಬಂದಾಗ ಮೊಬೈಲ್ ಜೇಬಿಗೆ ಹೋಗತ್ತೆ ಅಂತ. ನಾನು ನೋಡಿದ ಮಟ್ಟಿಗೆ ತಮಗೆ ಗೊತ್ತಿರೋ ಜಾಗದ ಹೆಸರು ಬಂದ ತಕ್ಷಣ ಜನ ನೆಟ್ಟಗೆ ಕೂರ್ತಾರೆ. "ಹೊಯ್ಸಳರ ಆಡಳಿತ ವ್ಯವಸ್ಥೆ" ಅಂದ್ರೆ ಆಕಳಿಕೆ, "ನಮ್ ಕೆರೆ ಕೋಡಿ ಹತ್ರ ಇರೋ ಕಲ್ಲು" ಅಂದ್ರೆ ಕಣ್ಣರಳತ್ತೆ.

ವಿಷಯ: ನಡ್ಕೊಂಡ್ ಹೋಗಿ ಮುಟ್ಟೋ ಹಾಗಿರ್ಬೇಕು

ಇದೊಂದನ್ನ ಮಾತ್ರ ಯಾರು ಏನ್ ಹೇಳಿದ್ರೂ ಬಿಡ್ಬೇಡಿ. ಸಭೆ ಮುಗಿದ ಮೇಲೆ ಕೇಳಿದೋರು ಹೋಗಿ ನೋಡೋ ಅಷ್ಟು ಹತ್ರ ಇರೋ ವಸ್ತು ಬಗ್ಗೆನೇ ಉಪನ್ಯಾಸ ಇರ್ಬೇಕು. ವೀರಗಲ್ಲು (ಕಾಳಗದಲ್ಲಿ ಸತ್ತೋನ ನೆನಪಿನ ಕಲ್ಲು), ಮಾಸ್ತಿಗಲ್ಲು (ಸತಿ ಹೋದೋಳ ನೆನಪಿನ ಕಲ್ಲು), ಕೆರೆ ತೂಬು, ಹಳೇ ಮುಸಾಫಿರಖಾನೆ, ಮುಚ್ಚಿಹೋದ ಬಾವಿ, ಏನಾದ್ರೂ ಆಗ್ಬಹುದು.

"ನಮ್ಮೂರಲ್ಲಿ ಅಂಥದ್ದೇನಿಲ್ಲ ಬಿಡಿ" ಅನ್ನೋರು ಎಪಿಗ್ರಾಫಿಯಾ ಕರ್ನಾಟಿಕಾ ಅನ್ನೋ ಶಾಸನ ಸಂಪುಟಗಳನ್ನ ತೆಗೆದು ನೋಡಿಲ್ಲ ಅಂತರ್ಥ. ಬ್ರಿಟಿಷರ ಕಾಲದ ಶಾಸನ ವಿದ್ವಾಂಸರು ಬಿ. ಎಲ್. ರೈಸ್ ಅವರು ಹಳೇ ಮೈಸೂರು ಸಂಸ್ಥಾನ ಮತ್ತೆ ಕೊಡಗಿನ 9 ಸಾವಿರದ ಹತ್ತಿರ ಶಾಸನಗಳನ್ನ ತಾಲ್ಲೂಕುವಾರು ಮಾಡಿ 12 ಸಂಪುಟದಲ್ಲಿ ಕೊಟ್ಟಿದ್ದಾರೆ, ಎಲ್ಲಾ ಆನ್‌ಲೈನಲ್ಲಿ ಫ್ರೀಯಾಗಿ ಸ್ಕ್ಯಾನ್ ಕಾಪಿ ಸಿಗತ್ತೆ. 1 ಕೊಡಗು, 2 ಶ್ರವಣಬೆಳಗೊಳ, 3 ಮತ್ತೆ 4 ಮೈಸೂರು, 5 ಹಾಸನ, 6 ಕಡೂರು ಅಂದ್ರೆ ಈಗಿನ ಚಿಕ್ಕಮಗಳೂರು, 7 ಮತ್ತೆ 8 ಶಿವಮೊಗ್ಗ, 9 ಬೆಂಗಳೂರು, 10 ಕೋಲಾರ, 11 ಚಿತ್ರದುರ್ಗ, 12 ತುಮಕೂರು. ನಿಮ್ಮದು ಮಂಡ್ಯ ಆದ್ರೆ ಮೈಸೂರಲ್ಲಿ ಹುಡುಕಿ, ಚಿಕ್ಕಬಳ್ಳಾಪುರ ಆದ್ರೆ ಕೋಲಾರದಲ್ಲಿ, ಆಗ ಜಿಲ್ಲೆಗಳೇ ಬೇರೆ ಥರ ಇದ್ವು. ಒಂದೊಂದು ತಾಲ್ಲೂಕಿಗೂ 1, 2, 3 ಅಂತ ನಂಬರ್, ಊರಿನ ಹೆಸರು, ಕಲ್ಲು ಎಲ್ಲಿದೆ ಅಂತ ಒಂದು ಸಾಲು, ಮೂಲ ಪಾಠ, ಇಂಗ್ಲಿಷ್ ಅನುವಾದ, ಎಲ್ಲಾ ಇದೆ. ಒಂದು ಎಚ್ಚರಿಕೆ, 1972ರಿಂದ ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನ ತರ್ತಾ ಬಂತು, ಅದ್ರಲ್ಲಿ ಸಂಪುಟದ ಸಂಖ್ಯೆ, ಶಾಸನದ ನಂಬರ್ ಬೇರೆ. ಹಳೇದೋ ಹೊಸದೋ ಅಂತ ಬರ್ಕೊಳ್ದೆ ಬರೀ ನಂಬರ್ ಹಾಕಿದ್ರೆ ಯಾವ್ದೋ ಊರಿನ ಕಲ್ಲು ನಿಮ್ಮೂರದ್ದಾಗಿ ಕೂರತ್ತೆ, ನಮಗೇ ಆಗಿದೆ. ಉತ್ತರ ಕರ್ನಾಟಕದವರು ಸೌತ್ ಇಂಡಿಯನ್ ಇನ್ಸ್‌ಕ್ರಿಪ್ಶನ್ಸ್ ಅನ್ನೋ ಶಾಸನ ಸಂಪುಟಗಳ ಸರಣಿ ನೋಡಿ, 11 ಮತ್ತೆ 15ನೇ ಸಂಪುಟದಿಂದ ಶುರು ಮಾಡಬಹುದು.

ಪುಸ್ತಕದಲ್ಲಿ ಸಿಕ್ಕಿದ ಮೇಲೆ ಕಲ್ಲು ಈಗ್ಲೂ ಅಲ್ಲೇ ಇದೆಯಾ ಅಂತ ಹೋಗಿ ನೋಡ್ಬೇಕು, ಇದನ್ನ ಬಿಟ್ಟು ಕರಪತ್ರ ಹಾಕಿಸ್ಬೇಡಿ. ನೂರು ವರ್ಷದ ಹಿಂದೆ "ದೇವಸ್ಥಾನದ ಮುಂದೆ" ಇದ್ದ ಕಲ್ಲು ಈಗ ರಸ್ತೆ ಕೆಳಗೋ ಯಾರದೋ ಕಾಂಪೌಂಡ್ ಒಳಗೋ ಇರಬಹುದು. ನಮಗೆ ಒಂದು ವೀರಗಲ್ಲು ಸಿಕ್ಕಿದ್ದು ಬಟ್ಟೆ ಒಗೆಯೋ ಕಲ್ಲಾಗಿ, ಮಕಾಡೆ ಮಲಗಿಸಿದ್ರು, ಪುಣ್ಯಕ್ಕೆ ಕೆತ್ತನೆ ಕೆಳಮುಖ ಇತ್ತು ಅಂತ ಉಳ್ಕೊಂಡಿತ್ತು. ಮನೆ ಅಜ್ಜಿ "ನಮ್ಮತ್ತೆ ಕಾಲದಿಂದ ಇಲ್ಲೇ ಒಗೀತಿದ್ದೀವಿ" ಅಂತ ಜಗಳಕ್ಕೇ ಬಂದ್ರು, ಒಂದು ಹೊಸ ಚಪ್ಪಡಿ ತಂದು ಹಾಕ್ಕೊಟ್ಟ ಮೇಲೆ ಬಿಟ್ಕೊಟ್ರು. ಉಪನ್ಯಾಸದ ದಿನ ಮೊದಲನೇ ಸಾಲಲ್ಲಿ ಕೂತಿದ್ದೋರು ಅವ್ರೇ.

ಶೀರ್ಷಿಕೆ ಬಗ್ಗೆನೂ ಒಂದ್ ಮಾತು. ಮದ್ದೂರು ತಾಲ್ಲೂಕಿನ ಆತಕೂರು ಶಾಸನ ಗೊತ್ತಲ್ಲ, 10ನೇ ಶತಮಾನದ ಮಧ್ಯದ್ದು, ಗಂಗರ ರಾಜ ಬೂತುಗನ ಹತ್ರ ಮಣಲೇರ ಅನ್ನೋನು ಮೆಚ್ಚುಗೆಗೆ ಅಂತ ಕೇಳಿ ತಗೊಂಡ ಕಾಳಿ ಅನ್ನೋ ನಾಯಿ, ಕಾಡುಹಂದಿ ಮೇಲೆ ಬಿದ್ದು ಎರಡೂ ಸತ್ತು, ಆ ನಾಯಿಗೆ ಅಂತ ಹಾಕ್ಸಿದ ಕಲ್ಲು. ಅದೇ ಕಲ್ಲಲ್ಲಿ ರಾಷ್ಟ್ರಕೂಟರು ಗಂಗರ ಜೊತೆ ಸೇರಿ ಚೋಳರನ್ನ ಸೋಲಿಸಿದ ತಕ್ಕೋಲದ ಯುದ್ಧದ ವಿಷಯನೂ ಇದೆ. ಇದರ ಮೇಲೆ "ಗಂಗ–ರಾಷ್ಟ್ರಕೂಟ ಸಂಬಂಧಗಳು: ಒಂದು ಅವಲೋಕನ" ಅಂತ ಹಾಕಿದ್ರೆ ಬರೋದು ಪಿಎಚ್‌ಡಿ ಮಾಡ್ತಿರೋ ಇಬ್ಬರು. "ಕಾಳಿ ಅನ್ನೋ ನಾಯಿಗೆ ಕಲ್ಲು ಹಾಕ್ಸಿದ್ದು ಯಾಕೆ?" ಅಂತ ಹಾಕಿ ನೋಡಿ, ಸ್ಕೂಲ್ ಮಕ್ಕಳು ಅಪ್ಪ ಅಮ್ಮನ್ನ ಎಳ್ಕೊಂಡ್ ಬರ್ತಾರೆ. ವಿಷಯ ಅದೇನೇ, ಬಾಗಿಲು ಬೇರೆ.

ಮಾತಾಡೋರನ್ನ ಹುಡುಕೋದು

ದೊಡ್ಡ ಹೆಸರಿನ ಹಿಂದೆ ಬೀಳ್ಬೇಡಿ. ನಿಮ್ಮ ತಾಲ್ಲೂಕಿನ ರಿಟೈರ್ಡ್ ಕನ್ನಡ ಮೇಷ್ಟ್ರು, ಡಿಗ್ರಿ ಕಾಲೇಜಿನ ಹಿಸ್ಟರಿ ಲೆಕ್ಚರರು, ಕನ್ನಡ ಸಾಹಿತ್ಯ ಪರಿಷತ್ತಿನ ಶಾಸನಶಾಸ್ತ್ರ ಡಿಪ್ಲೊಮಾ ಮಾಡ್ಕೊಂಡಿರೋ ಬ್ಯಾಂಕ್ ಉದ್ಯೋಗಿ, ಇಂಥೋರು ಸಿಗ್ತಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಶಾಸನಶಾಸ್ತ್ರ ವಿಭಾಗನೇ ಇದೆ, ಅಲ್ಲಿ ನಿಮ್ಮ ಕಡೆಯ ಸಂಶೋಧನಾ ವಿದ್ಯಾರ್ಥಿ ಯಾರಾದ್ರೂ ಇದ್ದಾರಾ ಅಂತ ಕೇಳಿ.

ಫೋನಲ್ಲಿ ನಾನು ಕೇಳೋದು ಒಂದೇ ಪ್ರಶ್ನೆ, "ಸಾರ್, ಆ ಕಲ್ಲನ್ನ ನೀವು ನೋಡಿದ್ದೀರಾ?" ನೋಡಿದ್ದೀನಿ ಅಂದ್ರೆ ಅರ್ಧ ಕೆಲಸ ಆಯ್ತು. ನೋಡಿಲ್ಲ, ಆದ್ರೆ ಬೆಳಿಗ್ಗೆನೇ ಬರ್ತೀನಿ, ಕರ್ಕೊಂಡ್ ಹೋಗಿ ತೋರ್ಸಿ ಅಂದ್ರೆ ಇನ್ನೂ ಒಳ್ಳೇದು. "ಅದೇನ್ ನೋಡೋದ್ರೀ, ಎಲ್ಲಾ ಒಂದೇ ಥರ ಇರ್ತಾವೆ" ಅಂದ್ರೆ ನಮಸ್ಕಾರ ಹೇಳಿ ಫೋನ್ ಇಡಿ.

ಅವ್ರಿಗೆ ಬರ್ದು ಕಳ್ಸೋದು ಇಷ್ಟು: ಮಾತು 40 ನಿಮಿಷ, ಪ್ರಶ್ನೆಗೆ 30 ನಿಮಿಷ, ಲೇಖನ ಓದೋದು ಬೇಡ, ಕೇಳೋರಲ್ಲಿ ರೈತರು, ಮಕ್ಕಳು, ಅಂಗಡಿಯವರು ಇರ್ತಾರೆ. ಬಸ್ ಚಾರ್ಜು, ಊಟ, ತಂಗೋದು, ಸಂಭಾವನೆ ಎಷ್ಟು ಅನ್ನೋದನ್ನೂ ಅದ್ರಲ್ಲೇ ಹೇಳ್ಬಿಡಿ. ಕೊನೇಲಿ ಬಸ್ ಸ್ಟ್ಯಾಂಡಲ್ಲಿ ಕವರ್ ಕೈಗಿಟ್ಟು "ತಪ್ಪು ತಿಳ್ಕೋಬೇಡಿ ಸಾರ್" ಅನ್ನೋ ಪರಿಸ್ಥಿತಿ ತಂದ್ಕೋಬೇಡಿ.

ದುಡ್ಡು ಎಲ್ಲಿಂದ ಅಂದ್ರೆ ದತ್ತಿ ಪದ್ಧತಿ ನಮ್ಮಲ್ಲಿ ಮೊದಲಿಂದ ಇದ್ದೇ ಇದೆ, ಯಾರಾದ್ರೂ ತಂದೆ ತಾಯಿ ಹೆಸರಲ್ಲಿ ಒಂದು ಮೊತ್ತ ಇಟ್ರೆ ಅದರ ಬಡ್ಡೀಲಿ ವರ್ಷಕ್ಕೊಂದು ಉಪನ್ಯಾಸ. ಒಳ್ಳೇ ವ್ಯವಸ್ಥೆ, ಆದ್ರೆ ದತ್ತಿ ದಾನಿಗಳ ಮಾತು ಐದು ನಿಮಿಷ ಅಂತ ದುಡ್ಡು ತಗೊಳೋಕೆ ಮುಂಚೆನೇ ಬರೆಸ್ಕೊಂಡ್ಬಿಡಿ, ಆಮೇಲೆ ಹೇಳೋಕೆ ಬಾಯಿ ಬರಲ್ಲ.

ಜಾಗ, ದಿನ, ಆಹ್ವಾನ

ಕಲ್ಯಾಣ ಮಂಟಪ ಬೇಡ, 400 ಚೇರ್ ಹಾಲಲ್ಲಿ 50 ಜನ ಕೂತ್ರೆ ಸೂತಕದ ಮನೆ ಥರ ಕಾಣತ್ತೆ. ಗ್ರಂಥಾಲಯದ ಹಾಲು, ಸ್ಕೂಲ್ ರೂಮು, ದೇವಸ್ಥಾನದ ಪೌಳಿ ಸಾಕು. ಆದ್ರೆ ದೇವಸ್ಥಾನ ಅಂದಾಗ ಒಂದು ವಿಷಯ ಯೋಚ್ನೆ ಮಾಡಿ, ಊರಲ್ಲಿ ಎಲ್ಲರೂ ಆ ಹೊಸ್ತಿಲು ದಾಟ್ತಾರಾ ಅಂತ. ದಾಟಲ್ಲ ಅಂದ್ರೆ ಸ್ಕೂಲೇ ಸರಿ. ಪುರಾತತ್ವ ಇಲಾಖೆ ಸಂರಕ್ಷಿತ ಸ್ಮಾರಕದ ಒಳಗೆ ಮೈಕು ಶಾಮಿಯಾನ ಹಾಕೋಕೆ ಅನುಮತಿ ಬೇಕು, ಸುಮ್ನೆ ಹೋಗಿ ಹಾಕ್ಬೇಡಿ.

ದಿನ ಗೊತ್ತು ಮಾಡೋವಾಗ ಪಂಚಾಂಗ ಮುಂದಿಟ್ಕೊಳಿ, ಮದುವೆ ಮುಹೂರ್ತ ಜಾಸ್ತಿ ಇರೋ ದಿನ, ಊರ ಜಾತ್ರೆ, ಸಂತೆ ದಿನ, ಎಸ್ಸೆಸ್ಸೆಲ್ಸಿ ಪರೀಕ್ಷೆ, ಇಂಡಿಯಾ ಮ್ಯಾಚು, ಇವಿಷ್ಟೂ ಬಿಟ್ರೆ ಉಳಿಯೋದು ಕಡಿಮೆ ದಿನಗಳೇ. ನಮ್ಮದು ಎರಡನೇ ಭಾನುವಾರ ಬೆಳಿಗ್ಗೆ 10:30, ಕೊನೇ ಬಸ್ ಭಯ ಇಲ್ಲ, ಮಧ್ಯಾಹ್ನ ಊಟಕ್ಕೆ ಮುಂಚೆ ಕಲ್ಲಿನ ಹತ್ರ ಹೋಗಿ ಬರಬಹುದು.

ವಾಟ್ಸಾಪಿಗೆ ಹೂವಿನ ಬಾರ್ಡರ್ ಇರೋ ಇಮೇಜ್ ಹಾಕೋದಕ್ಕಿಂತ ಬರೀ ಅಕ್ಷರದ ಮೆಸೇಜ್ ಹೆಚ್ಚು ಫಾರ್ವರ್ಡ್ ಆಗತ್ತೆ, ನಾವು ಹಾಕಿದ್ದು ಹೀಗಿತ್ತು:

"ಕೆರೆ ಏರಿ ಕೆಳಗೆ ಮೂರು ಹಂತದ ಒಂದು ಕಲ್ಲಿದೆ, ನೋಡಿರ್ತೀರ. ಅದ್ರಲ್ಲಿ ಬಿಲ್ಲು ಹಿಡಿದು ನಿಂತಿರೋನು ಯಾರು? ಭಾನುವಾರ ಬೆಳಿಗ್ಗೆ 10:30, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. 12ಕ್ಕೆ ಎಲ್ಲರೂ ಒಟ್ಟಿಗೆ ಕಲ್ಲಿನ ಹತ್ರ ಹೋಗೋಣ. ಮನೇಲಿ ಹಳೇ ಕಾಗದ, ಫೋಟೋ ಇದ್ರೆ ತನ್ನಿ, ತೋರ್ಸಿ ವಾಪಸ್ ತಗೊಂಡ್ ಹೋಗಿ."

ಕೊನೇ ಸಾಲು ಬಹಳ ಮುಖ್ಯ. ಅದ್ರಿಂದಾನೇ ನಮಗೆ ಒಬ್ಬರ ಮನೆ ಪೆಟ್ಟಿಗೇಲಿದ್ದ ಮೋಡಿ ಅಕ್ಷರದ (ಹಿಂದೆ ಮರಾಠಿ ಬರೆಯೋಕೆ ಬಳಸ್ತಿದ್ದ ಲಿಪಿ) ಕಾಗದ ನೋಡೋಕೆ ಸಿಕ್ತು. ಯಾರೇ ತಂದ್ರೂ ಅಲ್ಲೇ ಫೋಟೋ ತೆಗ್ದು ಅಲ್ಲೇ ವಾಪಸ್ ಕೊಡಿ, "ಇಟ್ಕೊಂಡಿರ್ತೀವಿ" ಅನ್ಬೇಡಿ, ಕೊಳ್ಳೋ ಮಾರೋ ಮಾತಂತೂ ಎತ್ಲೇಬೇಡಿ. ಹಳೇ ಹಸ್ತಪ್ರತಿ, ವಿಗ್ರಹ, ನಾಣ್ಯಗಳಿಗೆ 1972ರ ಪ್ರಾಚ್ಯವಸ್ತು ಕಾಯ್ದೆ ಅಂತ ಒಂದಿದೆ.

ಸ್ಲೈಡು ಮತ್ತೆ ನುಡಿ ಫಾಂಟಿನ ಕಥೆ

ಮೇಷ್ಟ್ರ ಕಂಪ್ಯೂಟರಲ್ಲಿ ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡಿರೋ ಪಿಪಿಟಿ ನಿಮ್ಮ ಲ್ಯಾಪ್‌ಟಾಪಲ್ಲಿ ತೆಗೆದ ತಕ್ಷಣ ಕನ್ನಡ ಹೋಗಿ ಅರ್ಥ ಇಲ್ಲದ ಇಂಗ್ಲಿಷ್ ಚಿಹ್ನೆಗಳ ಸಾಲು ಬರತ್ತೆ, ಯಾಕಂದ್ರೆ ಹಳೇ ನುಡಿ, ಬರಹ ಎಲ್ಲಾ ಯೂನಿಕೋಡ್ ಅಲ್ಲ, ಆ ಫಾಂಟ್ ಇಲ್ದಿರೋ ಮಷೀನಲ್ಲಿ ಓದೋಕಾಗಲ್ಲ. ಜನ ಬಂದು ಕೂತ ಮೇಲೆ ಇದು ಗೊತ್ತಾದ್ರೆ ದೇವ್ರೇ ಗತಿ. ಎರಡು ದಿನ ಮುಂಚೆನೇ "ಪಿಡಿಎಫ್ ಮಾಡಿ ಕಳ್ಸಿ ಸಾರ್" ಅಂತ ಕೇಳಿ ನಿಮ್ಮ ಮಷೀನಲ್ಲಿ ತೆಗ್ದು ನೋಡಿ. ಜೊತೆಗೆ ಎಚ್‌ಡಿಎಂಐ ಕೇಬಲ್ಲು, ಎಕ್ಸ್‌ಟೆನ್ಷನ್ ಬಾಕ್ಸು, ಕಿಟಕಿಗೆ ಕಟ್ಟೋಕೆ ಎರಡು ಕಪ್ಪು ಬೆಡ್‌ಶೀಟು. ಕರೆಂಟ್ ಹೋದ್ರೆ ಅಂತ ಮುಖ್ಯವಾದ ಎರಡು ಫೋಟೋನ ದೊಡ್ಡದಾಗಿ ಫ್ಲೆಕ್ಸ್ ಪ್ರಿಂಟ್ ಹಾಕಿಸಿಟ್ಕೊಳಿ, ನಮಗೆ ಮೂರು ಸಲ ಉಪಯೋಗಕ್ಕೆ ಬಂದಿದೆ.

ಅಕ್ಷರ ಇರೋ ಕಲ್ಲಿನ ಫೋಟೋ ಹಗಲಲ್ಲಿ ತೆಗೀಬೇಡಿ, ಏನೂ ಕಾಣಲ್ಲ. ಕತ್ತಲಾದ ಮೇಲೆ ಹೋಗಿ ಟಾರ್ಚನ್ನ ಕಲ್ಲಿನ ಪಕ್ಕದಿಂದ, ಹೆಚ್ಚುಕಮ್ಮಿ ಕಲ್ಲಿಗೆ ತಾಗೋ ಹಾಗೆ ಓರೆಯಾಗಿ ಹಿಡೀರಿ, ಅಕ್ಷರದ ಹಳ್ಳದಲ್ಲಿ ನೆರಳು ಬಿದ್ದು ಸಾಲಿಗೆ ಸಾಲು ಎದ್ದು ಬರತ್ತೆ. ಮೊದಲನೇ ಸಲ ಶಾಸನದ ಶುರುವಿನ "ಸ್ವಸ್ತಿಶ್ರೀ" ಅನ್ನೋ ಮಂಗಳದ ಮಾತು ಹಾಗೆ ಕಣ್ಮುಂದೆ ಎದ್ದಾಗ ನಮ್ಮ ಹುಡುಗರು ಕೂಗ್ಕೊಂಡಿದ್ದು ಕೇಳಿ ಪಕ್ಕದ ತೋಟದವರು ಓಡಿ ಬಂದಿದ್ರು, ನಿಧಿಗಳ್ಳರು ಅಂತ. ಅದಕ್ಕೇ ಹೋಗೋ ಮುಂಚೆ ಊರಲ್ಲಿ ಯಾರಿಗಾದ್ರೂ ಹೇಳಿ ಹೋಗಿ. ಸೀಮೆಸುಣ್ಣ, ಎಣ್ಣೆ, ಪೇಂಟು ಯಾವ್ದನ್ನೂ ಅಕ್ಷರಕ್ಕೆ ತುಂಬ್ಬೇಡಿ, ನೀರು ಮತ್ತೆ ಮೆತ್ತನೆ ಬ್ರಷ್ ಅಷ್ಟೇ.

ಆವತ್ತು

ಸ್ವಾಗತ ಎರಡು ನಿಮಿಷ, ಮಾತಾಡೋರ ಪರಿಚಯ ಒಂದು ನಿಮಿಷ, ಉಪನ್ಯಾಸ. ಶಾಲು ಹಾರ ಬದಲು ಒಂದು ಪುಸ್ತಕ. ವೇದಿಕೆ ಮೇಲೆ ಮಾತಾಡೋರಿಗೆ ಬಿಟ್ಟು ಯಾರಿಗೂ ಚೇರ್ ಹಾಕ್ಬೇಡಿ, ಚೇರ್ ಹಾಕಿದ್ರೆ ಕೂತೋರು ಮಾತಾಡ್ತಾರೆ, ಇದು ಪ್ರಕೃತಿ ನಿಯಮ. ಗಣ್ಯರು ಬಂದ್ರೆ ಮೊದಲ ಸಾಲಲ್ಲಿ ಕೂರ್ಸಿ ಕಾಫಿ ಕೊಡಿ. ಒಬ್ಬರು ಮುಖ ಊದಿಸ್ಕೊಂಡು ಹೋದ್ರು ನಮ್ಮಲ್ಲಿ, ಮುಂದಿನ ತಿಂಗಳು ಅವ್ರೇ ಬಂದು ಸುಮ್ನೆ ಕೂತು ಕೇಳಿ ಹೋದ್ರು.

40 ನಿಮಿಷ ಮೀರಿದ್ರೆ ಮೊದಲನೇ ಸಾಲಿಂದ ಒಂದು ಚೀಟಿ ಎತ್ತಿ ಹಿಡಿಯೋ ಕೆಲಸ ಒಬ್ಬ ಹೈಸ್ಕೂಲ್ ಹುಡುಗಿಗೆ ಕೊಡಿ. ದೊಡ್ಡೋರು ಚೀಟಿ ತೋರ್ಸಿದ್ರೆ ಮೇಷ್ಟ್ರು ನೋಡಲ್ಲ, ಮಕ್ಕಳು ತೋರ್ಸಿದ್ರೆ ನಕ್ಕು ಮುಗಿಸ್ತಾರೆ.

ಪ್ರಶ್ನೆಗಳು, ಇಲ್ಲೇ ಇರೋದು ಮಜಾ

ಮೂರು ಥರ ಪ್ರಶ್ನೆ ಗ್ಯಾರಂಟಿ. ಮೊದಲನೇದು, ನಿಧಿ ಇದೆಯಾ? ಇಲ್ಲ ಅಂತ ಗಟ್ಟಿಯಾಗಿ, ಮೈಕಲ್ಲಿ ಹೇಳಿ. ಕಲ್ಲು ಕಿತ್ತು ಗುಂಡಿ ತೋಡೋರು ಹುಟ್ಟೋದೇ ಈ ಪ್ರಶ್ನೆಗೆ ನಗ್ತಾ ಉತ್ತರ ಕೊಟ್ಟಾಗ. ಊರಿಂದ ದೂರ, ಕಾವಲಿಲ್ಲದ ಜಾಗದ ಕಲ್ಲಾದ್ರೆ ಲೊಕೇಶನ್ ಗ್ರೂಪಿಗೆ ಹಾಕ್ಬೇಡಿ, ಕರ್ಕೊಂಡ್ ಹೋಗಿ ತೋರ್ಸಿ.

ಎರಡನೇದು, ನಮ್ಮ ತಾತ ಹೇಳಿದ್ದು ಬೇರೆ ಅಲ್ವಾ. ಇದಕ್ಕೆ ಬೆಂಗಳೂರಿನ ಉದಾಹರಣೆ ಇಟ್ಕೊಂಡಿರಿ. ವೀರಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಲು, ಅದಕ್ಕೇ ಬೆಂದಕಾಳೂರು ಅನ್ನೋದು ಎಲ್ಲರಿಗೂ ಗೊತ್ತು. ಬಲ್ಲಾಳ ಆಳಿದ್ದು 12ನೇ ಶತಮಾನದ ಕೊನೆ, 13ರ ಶುರು. ಬೇಗೂರಿನ ವೀರಗಲ್ಲಲ್ಲಿ "ಬೆಂಗಳೂರ ಕಾಳಗ" ಅಂತ ಸುಮಾರು 890ರಲ್ಲೇ ಕೆತ್ತಿದ್ದಾರೆ. ಅಜ್ಜಿ ಕಾಳು ಬೇಯಿಸೋಕೆ ಮುನ್ನೂರು ವರ್ಷ ಮೊದಲೇ ಊರಿಗೆ ಹೆಸರಿತ್ತು. ಆದ್ರೆ ತಾತನ ಕಥೆನ ಸುಳ್ಳು ಅಂತ ಎಸೀಬೇಡಿ, ಅದನ್ನೂ ಬರ್ಕೊಳಿ, ಯಾರು ಹೇಳಿದ್ರು ಯಾವತ್ತು ಹೇಳಿದ್ರು ಅಂತ.

ಮೂರನೇದು ಜಾತಿ. ಆ ರಾಜ ನಮ್ಮವನು, ಈ ವೀರ ನಿಮ್ಮವನಲ್ಲ. ದನಿ ಏರೋದು ಇಲ್ಲೇ. ನಾವು ಒಂದು ನಿಯಮ ಮಾಡ್ಕೊಂಡಿದ್ದೀವಿ, ಪ್ರಶ್ನೆ ಚೀಟೀಲಿ ಬರ್ದು ಕೊಡ್ಬೇಕು, ಒಂದು ವಾಕ್ಯ, ಮತ್ತೆ ಏನಾದ್ರೂ ಹೌದು ಅಂತ ವಾದ ಮಾಡೋದಾದ್ರೆ ಯಾವ ಕಲ್ಲು ಯಾವ ಸಾಲು ಅಂತ ಹೇಳ್ಬೇಕು. ಚೀಟೀಲಿ ಬರೆಯೋಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರತ್ತೆ. ವಿದ್ವಾಂಸರೇ ಒಪ್ಪದಿರೋ ವಿಷಯ ಬಂದ್ರೆ, ಉದಾಹರಣೆಗೆ ಕನ್ನಡದ ಮೊದಲ ಶಾಸನ 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಹಲ್ಮಿಡಿಯೋ ಅಥವಾ ತಾಳಗುಂದದ್ದೋ ಅಂತ, ಎರಡೂ ಕಡೆ ಏನ್ ಹೇಳ್ತಾರೆ ಅಂತ ಹೇಳಿ ಬಿಡಿ, ನಿಮ್ಮ ಸ್ಕೂಲ್ ರೂಮಲ್ಲಿ ಅದು ತೀರ್ಮಾನ ಆಗಲ್ಲ.

ಇಸವಿ ಲೆಕ್ಕಾನೂ ಕೇಳ್ತಾರೆ. ಶಾಸನದಲ್ಲಿ ಬರೋ ಶಕ ವರ್ಷಕ್ಕೆ 78 ಕೂಡಿಸಿದ್ರೆ ಇಸವಿ, ವರ್ಷದ ಕೊನೇ ಎರಡು ಮೂರು ತಿಂಗಳಾದ್ರೆ 79. ಬರೀ ಸಂವತ್ಸರದ ಹೆಸರಿದ್ರೆ ಹುಷಾರು, 60 ವರ್ಷಕ್ಕೊಂದು ಸಲ ಅದೇ ಹೆಸರು ಬರತ್ತೆ.

ಕಲ್ಲಿನ ಹತ್ರ

ಚೇರ್ ಮಡಚೋ ಮುಂಚೆ ಎಲ್ಲರನ್ನೂ ಹೊರಡ್ಸಿ, ಮನೆಗೆ ಹೋಗಿ ಊಟ ಮಾಡಿ ಬರ್ತೀವಿ ಅಂದೋರು ಬರಲ್ಲ. ಕಲ್ಲಿನ ಮುಂದೆ ನಿಂತಾಗ ಮೇಷ್ಟ್ರು ಕೆಳಗಿಂದ ಮೇಲಕ್ಕೆ ಓದ್ಬೇಕು ಅಂತ ಹೇಳಿ: ಕೆಳಗಿನ ಹಂತದಲ್ಲಿ ಕಾಳಗ, ಬಿಲ್ಲು, ಕತ್ತಿ, ಪಕ್ಕದಲ್ಲಿ ಹಸುಗಳು, ಮಧ್ಯದಲ್ಲಿ ಸತ್ತ ವೀರನ ತೋಳು ಹಿಡಿದು ಮೇಲಕ್ಕೆ ಕರ್ಕೊಂಡ್ ಹೋಗ್ತಿರೋ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈ ಮುಗಿದು ಕೂತಿರೋ ಅವನೇ, ಅದಕ್ಕೂ ಮೇಲೆ ಸೂರ್ಯ ಚಂದ್ರ. ಹಂತಗಳ ನಡುವೆ ಇರೋ ಪಟ್ಟೀಲಿ ಬರಹ. ನಮ್ಮ ಕಲ್ಲಲ್ಲಿ "ತುರುವಂ ಮಗುಳ್ಚಿ" ಅಂತಿದೆ, ಕದ್ದೊಯ್ದ ದನಗಳನ್ನ ವಾಪಸ್ ತಿರುಗಿಸಿ ತಂದು ಸತ್ತ ಅಂತ. ಮೇಷ್ಟ್ರು ಇದನ್ನ ಬಿಡಿಸಿ ಹೇಳಿದಾಗ ಪಕ್ಕದಲ್ಲಿ ಎಮ್ಮೆ ಮೇಯಿಸ್ತಿದ್ದೋರು ಹತ್ರ ಬಂದು ಕೇಳಿದ್ದು ಒಂದೇ, "ಎಷ್ಟ್ ದನ ಅಂತ ಬರ್ದವ್ರಾ?" ಸತ್ತೋನ ಮನೆಯವರಿಗೆ ನೆತ್ತರುಗೊಡಗೆ ಅಂತ ಭೂಮಿ ಬಿಡ್ತಿದ್ರು ಅಂದ ತಕ್ಷಣ ಮುಂದಿನ ಪ್ರಶ್ನೆ, ಆ ಭೂಮಿ ಈಗ ಯಾರ ಹೆಸರಲ್ಲಿದೆ. ಉತ್ತರ ಸಿಗ್ಲಿಲ್ಲ, ಆದ್ರೆ ಇವತ್ತಿಗೂ ಟೀ ಅಂಗಡೀಲಿ ಅದೇ ಚರ್ಚೆ.

ಜನ ಸೇರಿದಾಗ್ಲೇ ಆ ಕಲ್ಲಿಗೆ ಏನ್ ಮಾಡೋದು ಅಂತ ಮಾತು ಶುರು ಮಾಡಿ. ಬೆಂಗಳೂರಿನ ಹೆಬ್ಬಾಳದಲ್ಲಿ ಸುಮಾರು 750ರ ಕಿತ್ತಯ್ಯನ ವೀರಗಲ್ಲಿಗೆ ಸಾರ್ವಜನಿಕರೇ ದುಡ್ಡು ಹಾಕಿ ಮಂಟಪ ಕಟ್ಟಿಸಿದ್ದಾರೆ, ಹೋಗಿ ನೋಡಿ ಬನ್ನಿ. ನೀವೇ ಸಿಮೆಂಟ್ ಹಾಕಿ ನಿಲ್ಲಿಸೋಕೆ, ಪೇಂಟ್ ಹೊಡೆಯೋಕೆ ಹೋಗ್ಬೇಡಿ, ಮೊದಲು ರಾಜ್ಯ ಪುರಾತತ್ವ ಇಲಾಖೆಗೆ ಫೋಟೋ ಸಮೇತ ಒಂದು ಪತ್ರ ಹಾಕಿ, ನಕಲು ಇಟ್ಕೊಳಿ.

ಆಮೇಲೆ

ಮೊಬೈಲಲ್ಲೇ ಆಡಿಯೋ ರೆಕಾರ್ಡ್ ಮಾಡಿ, ಮೈಕಿನ ಹತ್ರ ಇಟ್ರೆ ಸಾಕು. ಅದೇ ವಾರ ಒಂದು ಪುಟ ಬರ್ದಿಡಿ: ಯಾವ ಕಲ್ಲು, ಯಾವ ಸಂಪುಟ, ಹಳೇದೋ ಪರಿಷ್ಕೃತನೋ, ಯಾವ ನಂಬರ್, ಈಗ ಎಲ್ಲಿದೆ, ಯಾರು ಏನ್ ತಂದ್ರು. ವಾರ ಕಳೆದ್ರೆ ಮರ್ತೋಗತ್ತೆ, ಆ ಮೋಡಿ ಕಾಗದ ಯಾರ ಮನೇದು ಅಂತ ನಾವು ಎರಡು ತಿಂಗಳು ಹುಡುಕಿದ್ದೀವಿ. ಒಂದು ಪ್ರಿಂಟು ಗ್ರಂಥಾಲಯಕ್ಕೆ, ಒಂದು ಶಾಲೆಗೆ.

ಮುಂದಿನ ಉಪನ್ಯಾಸ ಯಾವ ಕಲ್ಲಿನ ಮೇಲೆ ಅನ್ನೋದನ್ನ ಈ ಕಲ್ಲಿನ ಹತ್ರ ನಿಂತಾಗ್ಲೇ ಕೇಳ್ಬಿಡಿ, ಅಲ್ಲಿ ಯಾರಾದ್ರೂ ಒಬ್ಬರು "ನಮ್ ತೋಟದಲ್ಲೂ ಒಂದಿದೆ ಸಾರ್" ಅಂದೇ ಅಂತಾರೆ, ಅವ್ರ ಫೋನ್ ನಂಬರ್ ತಗೊಳಿ.